ಮಹಿಳೆಯರ ಹೃದ್ರೋಗ: ಗರ್ಭಾವಸ್ಥೆಯಲ್ಲೇ ದೊರೆಯುವ ಎಚ್ಚರಿಕೆ

ಪುಣೆ ನಗರದ ಅಂಚಿನಲ್ಲಿ, ಮುಂಬಯಿ–ಬೆಂಗಳೂರು ಹೆದ್ದಾರಿಯ ಬದಿಗೆ, ಪಿಂಪ್ರಿ-ಚಿಂಚವಾಡ ಮಹಾನಗರಪಾಲಿಕೆಗೆ ಸೇರಿದ ವಾಕಡ ಇದೆ. ಹಿಂದೆ ಬೇಸಾಯದ ಹಳ್ಳಿಯಾಗಿದ್ದ ಈ ಊರು, ನೆರೆಯ ಹಿಂಜವಡಿಯಲ್ಲಿ ಮಾಹಿತಿ ತಂತ್ರಜ್ಞಾನ ಉದ್ಯಮವು ನೆಲೆಗೊಂಡ ಬಳಿಕ ಬಹುಮಹಡಿ ವಸತಿಗಳ ಉಪನಗರವಾಗಿದೆ. ಉದ್ಯೋಗಕ್ಕಾಗಿ ಬಂದ ಕನ್ನಡ ಕುಟುಂಬಗಳೂ ಇಲ್ಲಿ ನೆಲೆಸಿವೆ. ಇಂತಹ ಊರುಗಳಲ್ಲಿ ದೈಹಿಕ ಶ್ರಮ ಕಡಿಮೆಯಾಗಿ, ಕುಳಿತು ಮಾಡುವ ಕೆಲಸ ಹೆಚ್ಚಿದಂತೆ ಹೃದ್ರೋಗದ ಸಂಭವವೂ ಹೆಚ್ಚುತ್ತದೆ.

ಹೃದ್ರೋಗವು ಪುರುಷರ ರೋಗವೆಂಬ ಭಾವನೆ ಇಂದಿಗೂ ಉಳಿದಿದೆ. ಇದು ಸರಿಯಲ್ಲ. ಭಾರತವೂ ಸೇರಿದಂತೆ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ, ಮಹಿಳೆಯರಲ್ಲಿ ಮೊದಲ ಹೃದಯಾಘಾತವು ಪುರುಷರಿಗಿಂತ ಸುಮಾರು 9 ವರ್ಷ ತಡವಾಗಿ ಸಂಭವಿಸುತ್ತದೆ. ತಡವಾಗಿ ಬರುವುದೆಂದರೆ ಬಾರದಿರುವುದೆಂದಲ್ಲ. ಮುಟ್ಟು ನಿಂತ ನಂತರ ಅಪಾಯವು ಏರುತ್ತ ಹೋಗುತ್ತದೆ. ಆದರೆ ಅದರ ಮುನ್ಸೂಚನೆ ಹಲವು ಮಹಿಳೆಯರಿಗೆ ಬಹಳ ಮೊದಲೇ, ಗರ್ಭಿಣಿಯಾಗಿರುವಾಗಲೇ ದೊರೆತಿರುತ್ತದೆ.

ಮೈಸೂರು ಮತ್ತು ಪುಣೆಯ ಅಧ್ಯಯನಗಳು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿದಾಗ ಶೇಕಡಾ 6ರಷ್ಟು ಮಂದಿಯಲ್ಲಿ ಗರ್ಭಕಾಲದ ಮಧುಮೇಹ ಕಂಡುಬಂದಿತು. ಹೆರಿಗೆಯಾದ 5 ವರ್ಷಗಳ ನಂತರ ನೋಡಿದಾಗ, ಈ ತಾಯಂದಿರಲ್ಲಿ ಶೇಕಡಾ 37ರಷ್ಟು ಮಂದಿಗೆ ಮಧುಮೇಹವಿತ್ತು. ಇತರ ತಾಯಂದಿರಲ್ಲಿ ಇದು ಕೇವಲ ಶೇಕಡಾ 2ರಷ್ಟಿತ್ತು. ಮಧುಮೇಹವು ಹೃದಯದ ರಕ್ತನಾಳಗಳನ್ನು ಕೆಡಿಸುವ ಪ್ರಮುಖ ಕಾರಣಗಳಲ್ಲೊಂದು. ಅಂತೆಯೇ ಗರ್ಭಕಾಲದಲ್ಲಿ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಕಂಡುಬಂದ ಮಹಿಳೆಯರಲ್ಲಿ ಮುಂದೆ ಹೃದ್ರೋಗದ ಸಂಭವ ಸುಮಾರು ಇಮ್ಮಡಿಯಾಗುತ್ತದೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ವೈದ್ಯರು 1993ರಲ್ಲಿ ಸಮೀಪದ 6 ಹಳ್ಳಿಗಳಲ್ಲಿ ಆರಂಭಿಸಿದ ಅಧ್ಯಯನವು ಇನ್ನೊಂದು ಸಂಗತಿಯನ್ನು ತಿಳಿಸಿತು. ಅಲ್ಲಿನ ಶಿಶುಗಳು ಸರಾಸರಿ 2.7 ಕಿಲೋಗ್ರಾಂ ತೂಗುತ್ತಿದ್ದು, ಸ್ನಾಯುಗಳು ಬಡವಾಗಿದ್ದರೂ ಕೊಬ್ಬಿನಂಶ ತುಲನಾತ್ಮಕವಾಗಿ ಹೆಚ್ಚಾಗಿತ್ತು. ಆದುದರಿಂದ ತೆಳ್ಳಗೆ ಕಾಣುವ ಮಹಿಳೆಗೆ ಅಪಾಯವಿಲ್ಲವೆಂದು ಭಾವಿಸಲಾಗದು. ಭಾರತೀಯ ಮಹಿಳೆಯರ ಸೊಂಟದ ಸುತ್ತಳತೆ 80 ಸೆಂಟಿಮೀಟರ್‌ಗಿಂತ ಕಡಿಮೆಯಿರುವುದು ಒಳ್ಳೆಯದು.

ತಡೆಗಟ್ಟುವ ಕ್ರಮಗಳು

ಹೆರಿಗೆಯೊಂದಿಗೆ ಸಕ್ಕರೆ, ರಕ್ತದೊತ್ತಡಗಳು ಸಹಜ ಸ್ಥಿತಿಗೆ ಬಂದುವೆಂದು ತಾಯಿಯ ಆರೋಗ್ಯವನ್ನು ಮರೆಯುವುದೇ ವಾಡಿಕೆ. ಮಗುವಿನ ಲಸಿಕೆಯ ದಿನವನ್ನು ನೆನಪಿಡುವ ಮನೆಯವರು ತಾಯಿಯ ಪರೀಕ್ಷೆಯ ದಿನವನ್ನೂ ನೆನಪಿಡತಕ್ಕದ್ದು. ಗರ್ಭಕಾಲದ ಮಧುಮೇಹವಿದ್ದವರು ಹೆರಿಗೆಯಾದ 6 ವಾರಗಳಿಗೆ, ಅನಂತರ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯಕ. ಗರ್ಭಕಾಲದ ದಾಖಲೆಗಳನ್ನು ಜೋಪಾನವಾಗಿಟ್ಟು, ಮುಂದೆ ಕಾಣುವ ವೈದ್ಯರಿಗೆ ತೋರಿಸಬೇಕು. 30 ವರ್ಷ ದಾಟಿದ ಎಲ್ಲ ಮಹಿಳೆಯರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆಯ ಸೌಲಭ್ಯವಿದೆ.

ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಕುರುಕಲು ತಿಂಡಿಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ವನಸ್ಪತಿಯನ್ನೂ, ಒಮ್ಮೆ ಕರಿದ ಎಣ್ಣೆಯ ಮರುಬಳಕೆಯನ್ನೂ ವರ್ಜಿಸಿ, ಜೋಳ, ರಾಗಿ, ಬೇಳೆಕಾಳು, ಸೊಪ್ಪು, ಹಣ್ಣುಗಳನ್ನು ಹೆಚ್ಚಾಗಿ ಸೇವಿಸುವುದು ಹಿತಕರ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು. ಮಹಾರಾಷ್ಟ್ರದಲ್ಲಿ ಕೆಲವು ಮಹಿಳೆಯರು ಹಲ್ಲುಜ್ಜಲು ಬಳಸುವ ಮಿಶ್ರಿಯು ಹುರಿದ ತಂಬಾಕಿನ ಪುಡಿಯೇ ಆಗಿದ್ದು, ಅದನ್ನು ಸಂಪೂರ್ಣವಾಗಿ ತ್ಯಜಿಸತಕ್ಕದ್ದು.

ಲಕ್ಷಣಗಳನ್ನು ಕಡೆಗಣಿಸಬಾರದು

ಎದೆಯಲ್ಲಿ ಒತ್ತಿದಂತಾಗುವುದು ಹೃದಯಾಘಾತದ ಮುಖ್ಯ ಲಕ್ಷಣ. ಮಹಿಳೆಯರಲ್ಲಿ ಇದರೊಂದಿಗೆ, ಕೆಲವೊಮ್ಮೆ ಇದಿಲ್ಲದೆಯೂ, ದವಡೆ, ಬೆನ್ನು ಅಥವಾ ಮೇಲ್ಹೊಟ್ಟೆಯ ನೋವು, ಏದುಸಿರು, ಓಕರಿಕೆ, ತಣ್ಣನೆಯ ಬೆವರು, ಅಸಹಜ ಆಯಾಸ ಕಾಣಿಸಿಕೊಳ್ಳಬಹುದು. ಇವನ್ನು ವಾಯುವಿನ ತೊಂದರೆಯೆಂದೋ ಮನೆಗೆಲಸದ ದಣಿವೆಂದೋ ತಿಳಿದು ಮಲಗಿಸಿದಲ್ಲಿ ಅಮೂಲ್ಯ ಸಮಯ ಕಳೆದುಹೋಗುತ್ತದೆ. ರಕ್ತನಾಳದ ತಡೆ ಎಷ್ಟು ಬೇಗ ತೆರವಾಗುವುದೋ ಅಷ್ಟು ಹೃದಯದ ಸ್ನಾಯು ಉಳಿಯುತ್ತದೆ. ಮಹಾರಾಷ್ಟ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ 108 ಸಂಖ್ಯೆಗೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಮನೆಮಂದಿಗೆಲ್ಲ ಔಷಧಿ ಕೊಟ್ಟು ತನ್ನ ನೋವನ್ನು ಕೊನೆಗಿಡುವುದು ಗೃಹಿಣಿಯರ ರೂಢಿ. ಆಕೆಯ ತಪಾಸಣೆಯನ್ನು ಆಕೆಯ ಹೊಣೆಗಷ್ಟೇ ಬಿಡದೆ ಇಡೀ ಕುಟುಂಬವು ವಹಿಸಿಕೊಂಡಾಗ ಮಾತ್ರ ಈ ರೋಗದ ತಡೆಗಟ್ಟುವಿಕೆ ಸಾಧ್ಯವಾಗುತ್ತದೆ.