ನಗರ ಸ್ವಾಮ್ಯದ ಬಹೂಪಯೋಗಿ ಕ್ರೀಡಾಂಗಣ: ಸಿಯಾಟಲ್ ನಗರದ ಅನುಭವ

ಪೀಠಿಕೆ

ಸಾರ್ವಜನಿಕರ ಹಣದಿಂದ ನಿರ್ಮಿಸಿದ ಅಥವಾ ಸಾರ್ವಜನಿಕ ಭೂಮಿಯಲ್ಲಿ ನಿಂತಿರುವ ದೊಡ್ಡ ಒಳಾಂಗಣ ಕ್ರೀಡಾಂಗಣಗಳು ಅನೇಕ ದೇಶಗಳಲ್ಲಿ ಆಯಾ ನಗರಾಡಳಿತದ ಸ್ವತ್ತಾಗಿರುತ್ತವೆ. ಒಂದೇ ಕಟ್ಟಡದಲ್ಲಿ ಒಂದು ದಿನ ಐಸ್ ಹಾಕಿ ಪಂದ್ಯ, ಮರುದಿನ ಸಂಗೀತ ಕಛೇರಿ, ಅದರ ಮರುದಿನ ಬ್ಯಾಸ್ಕೆಟ್‌ಬಾಲ್ ನಡೆಯುವುದುಂಟು. ಇಂತಹ ಕಟ್ಟಡದ ಒಡೆತನ ಯಾರದು, ನಿರ್ವಹಣೆ ಯಾರದು, ನಷ್ಟವಾದರೆ ಹೊಣೆ ಯಾರದು ಎಂಬ ಪ್ರಶ್ನೆಗಳು ನಾಗರಿಕರಿಗೆ ಸಹಜವಾಗಿ ಎದುರಾಗುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದಲ್ಲಿರುವ ಕ್ಲೈಮೇಟ್ ಪ್ಲೆಡ್ಜ್ ಅರೀನಾದ ಇತಿಹಾಸವು ಈ ಪ್ರಶ್ನೆಗಳಿಗೆ ಸ್ಪಷ್ಟವಾದ ಉದಾಹರಣೆಯನ್ನು ಒದಗಿಸುತ್ತದೆ. ಸದರಿ ಕ್ರೀಡಾಂಗಣದ ಹಿನ್ನೆಲೆ, ಕಾರ್ಯವಿಧಾನ ಹಾಗೂ ಒಡಂಬಡಿಕೆಯ ಸ್ವರೂಪವನ್ನು ಈ ಕೆಳಗೆ ವಿವರಿಸಲಾಗಿದೆ.

ಇಲ್ಲಿ ಹಾಕಿ ಎಂದರೆ ಕರ್ನಾಟಕದ ಜನರಿಗೆ ಪರಿಚಿತವಾದ ಮೈದಾನದ ಹಾಕಿಯಲ್ಲ. ಕೊಡಗಿನಲ್ಲಿ 1997ರಿಂದ ನಡೆದುಬಂದಿರುವ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಆಡುವುದು ಮೈದಾನದ ಹಾಕಿ. ಐಸ್ ಹಾಕಿಯಲ್ಲಿ ಪ್ರತಿ ತಂಡದ ಆರು ಮಂದಿ ಆಟಗಾರರು ಮಂಜುಗಡ್ಡೆಯ ಮೇಲೆ ಸ್ಕೇಟ್ ಧರಿಸಿ, ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಕೋಲಿನಿಂದ ಹೊಡೆದು ಆಡುತ್ತಾರೆ.

ಕಟ್ಟಡದ ಹಿನ್ನೆಲೆ

1962ರಲ್ಲಿ ಸಿಯಾಟಲ್ ನಗರದಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಅದಕ್ಕಾಗಿ ವಾಷಿಂಗ್ಟನ್ ರಾಜ್ಯದ ಮಂಟಪವಾಗಿ ಈ ಕಟ್ಟಡವನ್ನು ನಿರ್ಮಿಸಲಾಯಿತು. ಇದರ ವಾಸ್ತುಶಿಲ್ಪಿ ಪಾಲ್ ಥೈರಿ. ನಾಲ್ಕು ದಿಕ್ಕಿಗೂ ಇಳಿಜಾರಾಗಿ ಹರಡಿರುವ ವಿಶಾಲವಾದ ಚಾವಣಿಯೇ ಈ ಕಟ್ಟಡದ ಗುರುತು. ಪ್ರದರ್ಶನ ಮುಗಿದ ಬಳಿಕ ನಗರವು ಕಟ್ಟಡವನ್ನು ಖರೀದಿಸಿ ಕ್ರೀಡಾಂಗಣವಾಗಿ ಪರಿವರ್ತಿಸಿತು. 1964ರ ಆಗಸ್ಟ್ 21ರಂದು ಬೀಟಲ್ಸ್ ತಂಡವು ಇಲ್ಲಿ ಹಾಡಿತು. 1967ರಿಂದ ಸೂಪರ್‌ಸಾನಿಕ್ಸ್ ಎಂಬ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಇದು ತವರು ಅಂಕಣವಾಯಿತು.

ಕಾಲ ಕಳೆದಂತೆ ಕಟ್ಟಡ ಹಳೆಯದಾಯಿತು. 1986ರ ಜನವರಿ 5ರಂದು ಚಾವಣಿ ಸೋರಿ ಅಂಕಣದ ಮೇಲೆ ನೀರು ಬಿದ್ದುದರಿಂದ ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಒಳಾಂಗಣದ ಆಟವೊಂದು ಮಳೆಯಿಂದ ನಿಂತುಹೋದ ಈ ಘಟನೆಯು ನಗರದಲ್ಲಿ ಬಹುಕಾಲ ಮಾತಾಗಿ ಉಳಿಯಿತು.

1995ರ ನವೀಕರಣ ಮತ್ತು ಅದರ ಪರಿಣಾಮ

ನಗರವು ಸುಮಾರು 7.5 ಕೋಟಿ ಡಾಲರ್ ವೆಚ್ಚದಲ್ಲಿ ಕಟ್ಟಡದ ಒಳಭಾಗವನ್ನು ಪುನರ್ನಿರ್ಮಿಸಿ, 1995ರಲ್ಲಿ ಕೀ ಅರೀನಾ ಎಂಬ ಹೆಸರಿನಲ್ಲಿ ಪುನಃ ತೆರೆಯಿತು. ಹೆಚ್ಚಿನ ಆಸನಗಳಿಗೆ ಸ್ಥಳ ದೊರೆಯಲೆಂದು ಅಂಕಣವನ್ನು ಬೀದಿಯ ಮಟ್ಟದಿಂದ 35 ಅಡಿ ಕೆಳಗೆ ಇಳಿಸಲಾಯಿತು. ಆದರೆ ಸಂಪೂರ್ಣ ವಿನ್ಯಾಸವನ್ನು ಬ್ಯಾಸ್ಕೆಟ್‌ಬಾಲ್ ಆಟದ ಅಳತೆಗೆ ಹೊಂದಿಸಲಾಗಿತ್ತು.

ಅಳತೆಗಳ ವ್ಯತ್ಯಾಸವನ್ನು ಗಮನಿಸಿದರೆ ಇದರ ಪರಿಣಾಮ ತಿಳಿಯುತ್ತದೆ. ಬ್ಯಾಸ್ಕೆಟ್‌ಬಾಲ್ ಅಂಕಣದ ಉದ್ದ 94 ಅಡಿ, ಅಗಲ 50 ಅಡಿ. ಉತ್ತರ ಅಮೆರಿಕದ ಐಸ್ ಹಾಕಿ ಅಂಕಣದ ಉದ್ದ 200 ಅಡಿ, ಅಗಲ 85 ಅಡಿ. ಅಂದರೆ ಹಾಕಿ ಅಂಕಣದ ವಿಸ್ತೀರ್ಣವು ಮೂರೂವರೆ ಪಟ್ಟಿಗೂ ಹೆಚ್ಚು. ಚಿಕ್ಕ ಅಂಕಣದ ಸುತ್ತ ಜೋಡಿಸಿದ ಆಸನಗಳ ನಡುವೆ ದೊಡ್ಡ ಅಂಕಣವನ್ನು ಕೂಡಿಸಿದಾಗ, ಸಾವಿರಾರು ಆಸನಗಳಿಂದ ಆಟ ಸರಿಯಾಗಿ ಕಾಣದಂತಾಯಿತು. ಸ್ಕೋರು ಫಲಕವೂ ಹಾಕಿ ಅಂಕಣದ ನಡುಭಾಗಕ್ಕೆ ಬರದೆ ಒಂದು ಬದಿಗೆ ಉಳಿಯಿತು. ಅಲ್ಲಿ ಆಡುತ್ತಿದ್ದ ಕಿರಿಯರ ಹಾಕಿ ತಂಡವು 2009ರಲ್ಲಿ ನೆರೆಯ ಕೆಂಟ್ ನಗರದ ಹೊಸ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು.

ತಂಡದ ನಿರ್ಗಮನ

ಬ್ಯಾಸ್ಕೆಟ್‌ಬಾಲ್ ತಂಡವೂ ಹೆಚ್ಚು ಕಾಲ ಉಳಿಯಲಿಲ್ಲ. 1995ರ ನವೀಕರಣವಾಗಿ ಕೆಲವೇ ವರ್ಷಗಳಲ್ಲಿ ತಂಡದ ಮಾಲೀಕರು ಸಾರ್ವಜನಿಕ ಹಣದಿಂದ ಮತ್ತೊಂದು ವಿಸ್ತರಣೆಯನ್ನು ಬಯಸಿದರು. 2006ರಲ್ಲಿ ತಂಡವು ಒಕ್ಲಹೋಮ ಸಿಟಿಯ ಉದ್ಯಮಿಗಳಿಗೆ ಮಾರಾಟವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ನಾಗರಿಕರೇ ಮುಂದಿಟ್ಟ 91ನೆಯ ಪ್ರಸ್ತಾವವು ಮತದಾನಕ್ಕೆ ಬಂದಿತು. ವೃತ್ತಿಪರ ಕ್ರೀಡಾ ತಂಡಗಳಿಗೆ ನಗರವು ನೆರವು ನೀಡುವುದಾದಲ್ಲಿ, ಆ ಹಣಕ್ಕೆ ಕನಿಷ್ಠಪಕ್ಷ ಕೇಂದ್ರ ಸರ್ಕಾರದ ಸಾಲಪತ್ರಗಳಿಂದ ಬರುವಷ್ಟು ಪ್ರತಿಫಲ ನಗರಕ್ಕೆ ದೊರೆಯಬೇಕೆಂಬುದು ಈ ಪ್ರಸ್ತಾವದ ಸಾರಾಂಶ. ಮತದಾರರಲ್ಲಿ ಮುಕ್ಕಾಲು ಪಾಲಿನಷ್ಟು ಜನರು ಇದನ್ನು ಅನುಮೋದಿಸಿದರು.

ತಂಡದ ಗುತ್ತಿಗೆ 2010ರವರೆಗೆ ಇತ್ತು. ಅವಧಿಗೆ ಮುನ್ನವೇ ತಂಡ ಹೊರಡಲು ಸಿದ್ಧವಾದಾಗ ನಗರವು ನ್ಯಾಯಾಲಯದ ಮೊರೆ ಹೋಯಿತು. 2008ರ ಜುಲೈ 2ರಂದು ಉಭಯ ಪಕ್ಷಗಳ ನಡುವೆ ರಾಜಿಯಾಗಿ, 4.5 ಕೋಟಿ ಡಾಲರ್ ಪಾವತಿಯ ಮೇರೆಗೆ ತಂಡವನ್ನು ಗುತ್ತಿಗೆಯಿಂದ ಬಿಡುಗಡೆ ಮಾಡಲಾಯಿತು. ಗುತ್ತಿಗೆಯ ಬಲದಿಂದ ನಗರಕ್ಕೆ ಹಣ ದೊರೆಯಿತು. ಆದರೆ ನಾಲ್ಕು ದಶಕಗಳ ಕಾಲ ನಗರದ್ದಾಗಿದ್ದ ತಂಡ ಉಳಿಯಲಿಲ್ಲ. ಒಂದು ಆಟಕ್ಕೆಂದು ಹೊಂದಿಸಿದ ಕಟ್ಟಡದಲ್ಲಿ ಆ ಆಟದ ಪ್ರಮುಖ ತಂಡವೇ ಇಲ್ಲದಂತಾಯಿತು. ಬಳಿಕ ಮಹಿಳೆಯರ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡವಾದ ಸಿಯಾಟಲ್ ಸ್ಟಾರ್ಮ್, ವಿಶ್ವವಿದ್ಯಾಲಯದ ಪಂದ್ಯಗಳು ಮತ್ತು ಸಂಗೀತ ಕಾರ್ಯಕ್ರಮಗಳೇ ಕಟ್ಟಡಕ್ಕೆ ಆಧಾರವಾದವು.

ಹೊಸ ಒಡಂಬಡಿಕೆ

2017ರಲ್ಲಿ ನಗರವು ಕಟ್ಟಡದ ಪುನರ್ನಿರ್ಮಾಣಕ್ಕೆ ಖಾಸಗಿ ಸಂಸ್ಥೆಗಳಿಂದ ಪ್ರಸ್ತಾವಗಳನ್ನು ಆಹ್ವಾನಿಸಿ, ಓಕ್ ವ್ಯೂ ಗ್ರೂಪ್ ಎಂಬ ಸಂಸ್ಥೆಯನ್ನು ಆಯ್ಕೆ ಮಾಡಿತು. 2018ರ ಸೆಪ್ಟೆಂಬರ್‌ನಲ್ಲಿ ನಗರಸಭೆಯು ಅಂತಿಮ ಒಡಂಬಡಿಕೆಗೆ ಒಪ್ಪಿಗೆ ನೀಡಿತು. ಇದರ ಮುಖ್ಯ ಅಂಶಗಳು ಈ ಕೆಳಗಿನಂತಿವೆ.

1. ಭೂಮಿ ಮತ್ತು ಕಟ್ಟಡದ ಒಡೆತನ ನಗರದಲ್ಲಿಯೇ ಉಳಿಯುತ್ತದೆ.
2. ಪುನರ್ನಿರ್ಮಾಣದ ವೆಚ್ಚವನ್ನು ಖಾಸಗಿ ಸಂಸ್ಥೆಯೇ ಭರಿಸಬೇಕು. ವೆಚ್ಚ ಹೆಚ್ಚಾದರೆ ಆ ಹೊರೆಯೂ ಸಂಸ್ಥೆಯದೇ.
3. ಸಂಸ್ಥೆಗೆ 39 ವರ್ಷಗಳ ಗುತ್ತಿಗೆಯ ಹಕ್ಕು ದೊರೆಯುತ್ತದೆ. ಆ ನಂತರ ವಿಸ್ತರಣೆಗೂ ಅವಕಾಶವಿದೆ.

ಎರಡನೆಯ ಅಂಶವು ಮುಂದೆ ಬಹಳ ಮಹತ್ವದ್ದೆನಿಸಿತು. ಆರಂಭದಲ್ಲಿ ಸುಮಾರು 60 ಕೋಟಿ ಡಾಲರ್ ಎಂದು ಅಂದಾಜಿಸಲಾಗಿದ್ದ ವೆಚ್ಚವು, ಕಾಮಗಾರಿ ಮುಗಿಯುವ ವೇಳೆಗೆ 100 ಕೋಟಿ ಡಾಲರ್‌ಗಳನ್ನು ಮೀರಿತು. ಈ ಷರತ್ತು ಇಲ್ಲದಿದ್ದಲ್ಲಿ ಹೆಚ್ಚುವರಿ ಮೊತ್ತದ ಹೊಣೆ ಯಾರ ಮೇಲೆ ಬೀಳುತ್ತಿತ್ತು ಎಂಬುದನ್ನು ತೆರಿಗೆದಾರರು ಸುಲಭವಾಗಿ ಊಹಿಸಬಹುದು.

ಚಾವಣಿಯನ್ನು ಉಳಿಸಿಕೊಂಡ ಬಗೆ

ಈ ಕಟ್ಟಡವು 2017ರಲ್ಲಿ ನಗರದ ಸಂರಕ್ಷಿತ ಸ್ಮಾರಕವೆಂದು ಗುರುತಿಸಲ್ಪಟ್ಟಿದ್ದರಿಂದ, 1962ರ ಚಾವಣಿಯನ್ನು ಕೆಡವುವಂತಿರಲಿಲ್ಲ. ಆದ್ದರಿಂದ ಸುಮಾರು 20,000 ಟನ್ ತೂಕದ ಚಾವಣಿಯನ್ನು ತಾತ್ಕಾಲಿಕ ಉಕ್ಕಿನ ಆಧಾರಗಳ ಮೇಲೆ ನಿಲ್ಲಿಸಿ, ಅದರ ಕೆಳಗಿನ ಹಳೆಯ ಕಟ್ಟಡವನ್ನು ತೆರವುಗೊಳಿಸಲಾಯಿತು. ನೆಲವನ್ನು ಇನ್ನಷ್ಟು ಆಳಕ್ಕೆ ಅಗೆದು, ಹಾಕಿ ಅಂಕಣದ ಪೂರ್ಣ ಅಳತೆಗೆ ಹೊಂದುವಂತೆ ಹೊಸ ಆಸನ ವ್ಯವಸ್ಥೆಯನ್ನು ನಿರ್ಮಿಸಲಾಯಿತು. 2018ರ ಡಿಸೆಂಬರ್‌ನಲ್ಲಿ, ಕಾಮಗಾರಿ ಆರಂಭವಾಗುವ ಹೊತ್ತಿಗೆ, ರಾಷ್ಟ್ರೀಯ ಹಾಕಿ ಲೀಗ್ ಸಿಯಾಟಲ್ ನಗರಕ್ಕೆ ಹೊಸ ತಂಡವನ್ನು ಮಂಜೂರು ಮಾಡಿತು. 2020ರಲ್ಲಿ ಅಮೆಜಾನ್ ಸಂಸ್ಥೆಯು ಕಟ್ಟಡದ ನಾಮಕರಣದ ಹಕ್ಕನ್ನು ಪಡೆದು, ತನ್ನ ಹೆಸರಿನ ಬದಲು ಹವಾಮಾನ ಸಂರಕ್ಷಣೆಯ ಪ್ರತಿಜ್ಞೆಯ ಹೆಸರನ್ನು ಇರಿಸಿತು.

ಕ್ರೀಡಾಂಗಣವು 2021ರ ಅಕ್ಟೋಬರ್‌ನಲ್ಲಿ ಸಂಗೀತ ಕಾರ್ಯಕ್ರಮದೊಂದಿಗೆ ತೆರೆಯಿತು. ಅಕ್ಟೋಬರ್ 23ರಂದು ಸಿಯಾಟಲ್ ಕ್ರಾಕನ್ ತಂಡವು ತವರಿನಲ್ಲಿ ತನ್ನ ಮೊದಲ ಪಂದ್ಯವನ್ನು ಆಡಿತು. 2022ರಲ್ಲಿ ಸ್ಟಾರ್ಮ್ ತಂಡವು ಮರಳಿತು. 2025ರಲ್ಲಿ ಮಹಿಳೆಯರ ವೃತ್ತಿಪರ ಹಾಕಿ ತಂಡವೊಂದು ಇಲ್ಲಿ ಆಡಲು ಆರಂಭಿಸಿತು. ಹಾಕಿ ಪಂದ್ಯಗಳಿಗೆ ಇಲ್ಲಿ 17,000ಕ್ಕೂ ಹೆಚ್ಚು ಆಸನಗಳಿವೆ.

ಒಂದೇ ಅಂಕಣ, ಹಲವು ಉಪಯೋಗ

ಹಾಕಿ ಅಂಕಣದ ಅಡಿಯಲ್ಲಿ ಕಾಂಕ್ರೀಟ್ ಹಾಸಿನೊಳಗೆ ಕೊಳವೆಗಳ ಜಾಲವಿದ್ದು, ಅದರಲ್ಲಿ ಅತಿ ಶೀತಲವಾದ ದ್ರವ ಸದಾ ಹರಿಯುತ್ತದೆ. ಹಾಸಿನ ಮೇಲೆ ತೆಳುವಾಗಿ ಪದರಪದರವಾಗಿ ನೀರು ಹಾಯಿಸಿ, ಸುಮಾರು ಒಂದು ಅಂಗುಲಕ್ಕೂ ತುಸು ಹೆಚ್ಚು ದಪ್ಪದ ಮಂಜುಗಡ್ಡೆಯನ್ನು ರೂಪಿಸಲಾಗುತ್ತದೆ. ಸಂಗೀತ ಕಛೇರಿ ಅಥವಾ ಬ್ಯಾಸ್ಕೆಟ್‌ಬಾಲ್ ಇದ್ದಾಗ ಪ್ರತಿ ಬಾರಿಯೂ ಇದನ್ನು ಕರಗಿಸುವ ಅಗತ್ಯವಿಲ್ಲ. ಶಾಖ ತಡೆಯುವ ಹಲಗೆಗಳನ್ನು ಮಂಜುಗಡ್ಡೆಯ ಮೇಲೆ ಹೊದಿಸಿ, ಅದರ ಮೇಲೆ ಮರದ ಅಂಕಣವನ್ನೋ ವೇದಿಕೆಯನ್ನೋ ಜೋಡಿಸುತ್ತಾರೆ. ಈ ಬದಲಾವಣೆಯನ್ನು ಸಾಮಾನ್ಯವಾಗಿ ರಾತ್ರೋರಾತ್ರಿ ಮುಗಿಸಲಾಗುತ್ತದೆ.

ಸಂಗೀತ ಕಾರ್ಯಕ್ರಮಗಳಿಗೆ ಬೇಕಾಗುವ ಸೌಲಭ್ಯಗಳು ಬೇರೆ. ದೀಪಗಳು ಮತ್ತು ಧ್ವನಿವರ್ಧಕಗಳ ಭಾರವನ್ನು ಮೇಲಿನಿಂದ ತೂಗುಹಾಕಬೇಕು; ಸಾಮಗ್ರಿ ತರುವ ಲಾರಿಗಳು ನೇರವಾಗಿ ಅಂಕಣದ ಮಟ್ಟಕ್ಕೆ ಬರಬೇಕು. ಈ ಕಾರಣದಿಂದ ಹೊಸ ಕಟ್ಟಡದಲ್ಲಿ ಭಾರ ಹೊರುವ ಉಕ್ಕಿನ ಚೌಕಟ್ಟು ಹಾಗೂ ಲಾರಿಗಳಿಗಾಗಿ ಸುರಂಗಮಾರ್ಗವನ್ನು ಒದಗಿಸಲಾಗಿದೆ. ಚಾವಣಿಯ ಮೇಲೆ ಬೀಳುವ ಮಳೆನೀರನ್ನು 15,000 ಗ್ಯಾಲನ್, ಅಂದರೆ ಸುಮಾರು 57,000 ಲೀಟರ್ ಸಾಮರ್ಥ್ಯದ ತೊಟ್ಟಿಯಲ್ಲಿ ಸಂಗ್ರಹಿಸಿ, ಹಾಕಿ ಅಂಕಣದ ಮಂಜುಗಡ್ಡೆಗೆ ಬಳಸುವ ವ್ಯವಸ್ಥೆ ಮಾಡಲಾಗಿದೆ. 1986ರಲ್ಲಿ ಆಟವನ್ನು ನಿಲ್ಲಿಸಿದ ಮಳೆಯೇ ಈಗ ಆಟಕ್ಕೆ ನೆಲವಾಗುತ್ತದೆ.

ಯಾವ ವಿಷಯಕ್ಕೆ ಯಾರನ್ನು ಸಂಪರ್ಕಿಸಬೇಕು

ಒಡೆತನ ನಗರದ್ದಾದರೂ ಎಲ್ಲ ಅರ್ಜಿಗಳನ್ನೂ ನಗರ ಕಚೇರಿಗೆ ಸಲ್ಲಿಸುವಂತಿಲ್ಲ. ಟಿಕೆಟ್, ಅಂಗವಿಕಲರ ಆಸನ ಹಾಗೂ ಸಭಾಂಗಣದ ಬಾಡಿಗೆಗೆ ಸಂಬಂಧಿಸಿದ ಕೋರಿಕೆಗಳು ನಿರ್ವಾಹಕ ಸಂಸ್ಥೆಗೆ ಸೇರಿದವು. ಸುತ್ತಲಿನ ಉದ್ಯಾನ ಮತ್ತು ಬಯಲು ಜಾಗಗಳಲ್ಲಿ ಕಾರ್ಯಕ್ರಮ ನಡೆಸುವವರು ನಗರದ ಸಿಯಾಟಲ್ ಸೆಂಟರ್ ಇಲಾಖೆಯಿಂದ ಅನುಮತಿ ಪಡೆಯಬೇಕು. ಸಮೀಪದ ಬೀದಿಗಳ ನಿವಾಸಿಗಳಿಗೆ ವಾಹನ ನಿಲುಗಡೆಯ ಪರವಾನಗಿಯನ್ನು ನಗರದ ಸಾರಿಗೆ ಇಲಾಖೆ ನೀಡುತ್ತದೆ. ವಾಹನ ದಟ್ಟಣೆಯನ್ನು ತಗ್ಗಿಸುವ ಸಲುವಾಗಿ, 2021ರಲ್ಲಿ ಕ್ರೀಡಾಂಗಣ ತೆರೆದಾಗ ಪಂದ್ಯದ ಟಿಕೆಟ್ ತೋರಿಸಿ ಸಾರ್ವಜನಿಕ ಸಾರಿಗೆಯಲ್ಲಿ ಉಚಿತವಾಗಿ ಪ್ರಯಾಣಿಸುವ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. 1962ರ ಪ್ರದರ್ಶನಕ್ಕಾಗಿ ನಿರ್ಮಿಸಿದ ಮೊನೊರೈಲು ಇಂದಿಗೂ ಈ ಪ್ರದೇಶವನ್ನು ನಗರದ ಕೇಂದ್ರಭಾಗದೊಂದಿಗೆ ಜೋಡಿಸುತ್ತದೆ.

ನಾಗರಿಕರು ಗಮನಿಸಬೇಕಾದ ಅಂಶಗಳು

ಕಟ್ಟಡ ನಗರದ್ದಾಗಿರುವುದರಿಂದಲೇ ನಾಗರಿಕರ ಹಿತ ಕಾಯ್ದಂತಾಗುವುದಿಲ್ಲ ಎಂಬುದು ಸಿಯಾಟಲ್‌ನ ಅನುಭವದಿಂದ ತಿಳಿದುಬರುತ್ತದೆ. 1995ರಲ್ಲಿಯೂ 2021ರಲ್ಲಿಯೂ ಒಡೆಯ ನಗರವೇ. ವ್ಯತ್ಯಾಸವಿದ್ದುದು ಕಟ್ಟಡದ ವಿನ್ಯಾಸದಲ್ಲಿ ಮತ್ತು ಗುತ್ತಿಗೆಯ ಷರತ್ತುಗಳಲ್ಲಿ. ಇಂತಹ ಯೋಜನೆ ಯಾವುದೇ ಊರಿನಲ್ಲಿ ಪ್ರಸ್ತಾವಿತವಾದಾಗ ನಾಗರಿಕರು ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಪಡೆಯುವುದು ಸೂಕ್ತ.

1. ಅಂದಾಜು ವೆಚ್ಚ ಮೀರಿದಲ್ಲಿ ಹೆಚ್ಚುವರಿ ಹಣ ಯಾರದು?
2. ಮುಖ್ಯ ತಂಡವು ಅವಧಿಗೆ ಮುನ್ನ ಹೊರಟುಹೋದರೆ ನಗರಕ್ಕೆ ದೊರೆಯುವ ಪರಿಹಾರವೇನು?
3. ತಂಡ ಹೋದ ನಂತರವೂ ಕಟ್ಟಡವು ಬೇರೆ ಆಟಗಳಿಗೆ ಮತ್ತು ಕಾರ್ಯಕ್ರಮಗಳಿಗೆ ಒದಗುವಂತಿದೆಯೇ?
4. ಗುತ್ತಿಗೆ ಮುಗಿದಾಗ ಕಟ್ಟಡವು ಯಾವ ಸ್ಥಿತಿಯಲ್ಲಿ ನಗರಕ್ಕೆ ಮರಳಬೇಕು?

ತಂಡಗಳು ಬರುತ್ತವೆ, ಹೋಗುತ್ತವೆ. ಕಟ್ಟಡ ಮತ್ತು ಅದರ ನಿರ್ವಹಣೆಯ ಹೊಣೆ ಮಾತ್ರ ಊರಿನಲ್ಲಿಯೇ ಉಳಿಯುತ್ತದೆ. ಆದಕಾರಣ ಈ ಪ್ರಶ್ನೆಗಳನ್ನು ಒಡಂಬಡಿಕೆಗೆ ಸಹಿ ಬೀಳುವ ಮುನ್ನವೇ ಕೇಳತಕ್ಕದ್ದು.