ಹಣೆಯಿಂದ ಇಳಿದ ಮೂಗು

ಒಂದು ಮೂಗು ಬೇಕು. ಚರ್ಮ ಎಲ್ಲಿಂದ ತರುತ್ತೀರಿ? ಹೇಳಿ ನೋಡೋಣ!

ತೊಡೆ? ಬೆನ್ನು? ಅಲ್ಲವೇ ಅಲ್ಲ. ಹಣೆ!

ಮಾಡಿದ್ದು ಎಲ್ಲಿ? ಪುಣೆಯ ಹತ್ತಿರ. ಮಾಡಿದವನು? ಇಟ್ಟಿಗೆ ಮಾಡುವ ಜಾತಿಯವನಂತೆ! ಅವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಮೂಗು ಪಡೆದವನ ಹೆಸರು ಉಳಿದಿದೆ: ಕಾವಸ್‌ಜೀ. 1792ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದವನು. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಮೂಗು ಹೋಯಿತು. ಒಂದು ಕೈಯೂ ಹೋಯಿತು! ಹನ್ನೆರಡು ತಿಂಗಳು ಹಾಗೇ ಕಳೆದ.

ಈಗ ನೋಡಿ ಇಟ್ಟಿಗೆಯವನ ಕೈಚಳಕ! ತೆಳು ಮೇಣದ ಹಾಳೆಯಲ್ಲಿ ಮೂಗಿನ ಅಚ್ಚು. ಅದನ್ನು ಬಿಡಿಸಿ ಹಣೆಗೆ ಹಾಸಿ, ಸುತ್ತ ಗೆರೆ. ದರ್ಜಿ ಅಳತೆ ತೆಗೆದ ಹಾಗೆ! ಗೆರೆಗುಂಟ ಕೊಯ್ದು ಚರ್ಮ ಎಬ್ಬಿಸಿದ. ಹುಬ್ಬುಗಳ ನಡುವೆ ಮಾತ್ರ ಒಂದು ಸಣ್ಣ ಪಟ್ಟಿ ಕೊಯ್ಯದೆ ಬಿಟ್ಟ.

ಯಾಕೆ ಬಿಟ್ಟ? ಊಹಿಸಿ!

ರಕ್ತಕ್ಕೆ! ಹೊಸ ಮೂಗಿನ ಜೀವವೆಲ್ಲ ಆ ಪಟ್ಟಿಯಲ್ಲಿ. ಚರ್ಮದ ಹೊರಮೈ ಹೊರಗೇ ಉಳಿಯಬೇಕಲ್ಲ, ಹಾಗಾಗಿ ಪಟ್ಟಿಯನ್ನು ಅರ್ಧ ಸುತ್ತು ತಿರುಚಿ ಕೆಳಗಿಳಿಸಬೇಕು. ಹೆಚ್ಚು ತಿರುಚಿದರೆ? ನೀರಿನ ಪೈಪು ಮಡಚಿಕೊಂಡಂತೆ! ಚರ್ಮ ಬಿಳುಚಿತೋ, ರಕ್ತ ಬರುತ್ತಿಲ್ಲ. ನೀಲಿಗಟ್ಟಿತೋ, ಬಂದ ರಕ್ತ ಹೊರಗೆ ಹೋಗುತ್ತಿಲ್ಲ!

ಅಂಟಿಸಿದ್ದು ಯಾವುದರಿಂದ? ಹೊಲಿಗೆ? ಇಲ್ಲ! ಕಾಚು! ಎಲೆಯಡಿಕೆಗೆ ಹಾಕುವ ಅದೇ ಕಾಚು, ನೀರಲ್ಲಿ ಮೆತ್ತಗೆ ಮಾಡಿ ಬಟ್ಟೆಗೆ ಬಳಿದು. ನಾಲ್ಕು ದಿನವಾದ ಮೇಲೆ ತುಪ್ಪದ ಬಟ್ಟೆ.

ಒಳಗೇನು ನಡೆಯುತ್ತಿತ್ತು ಗೊತ್ತೆ? ಹಳೆಯ ಮೂಗಿನ ಅಂಚಿನಿಂದ ಎಳೆಎಳೆಯಾಗಿ ಹೊಸ ರಕ್ತನಾಳಗಳು ಚರ್ಮದೊಳಕ್ಕೆ ಹೊಗುತ್ತಿದ್ದವು. ಅವು ಬೇರೂರಿದ ಮೇಲೆ ಪಟ್ಟಿ ಬೇಡ. ಎಷ್ಟನೆಯ ದಿನ ಕತ್ತರಿಸಿದ? ಸುಮಾರು 25! ಇಂದಿನ ಪ್ಲಾಸ್ಟಿಕ್ ಸರ್ಜನ್ನರೂ ಕಾಯುವುದು ಸುಮಾರು ಮೂರು ವಾರ!

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಇದನ್ನು ಚಿತ್ರಸಮೇತ ಅಚ್ಚು ಹಾಕಿತು. 1814ರಲ್ಲಿ ಜೋಸೆಫ್ ಕಾರ್ಪ್ಯೂ ಅಲ್ಲೇ ಮಾಡಿ ತೋರಿಸಿದರು. ಚರ್ಮದ ಯಾವ ಭಾಗಕ್ಕೆ ಯಾವ ನಾಳ ರಕ್ತ ಕೊಡುತ್ತದೆಂದು ಕಾರ್ಲ್ ಮಾಂಶೊ ನಕಾಶೆ ಬಿಡಿಸಿದ್ದು? 1889! ಪುಣೆಯವನು ಅದಕ್ಕೂ ಸುಮಾರು ನೂರು ವರ್ಷ ಮುಂಚೆ!

ಇನ್ನೊಂದಿದೆ, ತಾಳಿ! ಆ ಪಟ್ಟಿಯಲ್ಲಿ ನರಗಳೂ ಇಳಿದುಬರುತ್ತವೆ. ಅದನ್ನು ಕತ್ತರಿಸುವ ಮುನ್ನ ಹೊಸ ಮೂಗಿನ ಮೇಲೆ ಬೆರಳಿಟ್ಟು ನೋಡಿ. ಮುಟ್ಟಿದ್ದು ಎಲ್ಲಿ ಗೊತ್ತಾಗುತ್ತದೆ?

ಹಣೆಯಲ್ಲಿ!