ಕಾರ್ಖಾನೆ ಇಲ್ಲಿಗೇ ಏಕೆ ಬಂತು?

ಕೈಗಾರಿಕೆಗಳ ಸ್ಥಾಪನೆಗೆ ಬೇಕಾದ ಅಂಶಗಳಾವುವು? ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ: ಕಚ್ಚಾವಸ್ತು, ಶಕ್ತಿ, ಸಾರಿಗೆ, ಕಾರ್ಮಿಕರು, ಮಾರುಕಟ್ಟೆ, ಬಂಡವಾಳ, ಭೂಮಿ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಬಳಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಉಪಾಧ್ಯಾಯರು ರಜೆಯಲ್ಲಿದ್ದಾಗ, ಸ್ನೇಹಕ್ಕೆ ಕಟ್ಟುಬಿದ್ದು ನಾವು ಕೆಲವು ದಿನ ಅವರ ಪಾಠ ನಡೆಸಬೇಕಾಯಿತು. ಅಲ್ಲಿನ ಮಕ್ಕಳೂ ಈ ಪಟ್ಟಿಯನ್ನು ಒಂದೇ ಉಸಿರಿಗೆ ಒಪ್ಪಿಸಿದರು. ಕಾಲೇಜಿನಲ್ಲಿ ಭೌತವಿಜ್ಞಾನ ಹೇಳುವ ನಮಗೆ ಸಮಾಜ ವಿಜ್ಞಾನವು ಸುಲಭವೆಂಬ ಭ್ರಮೆ ಆಗ ಇದ್ದಿತು. "ಹಾಗಾದರೆ ಕಿಟಕಿಯಾಚೆ ಕಾಣುವ ಆ ಕಾರ್ಖಾನೆ ಇಲ್ಲಿಗೇ ಏಕೆ ಬಂತು?" ಎಂದು ಕೇಳಿದೆವು. ತರಗತಿ ಮೌನವಾಯಿತು.

ಭದ್ರಾವತಿಯಾದರೆ ಉತ್ತರ ಸುಲಭ. 1923ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ತೊಡಗಿದಾಗ ಕೆಮ್ಮಣ್ಣುಗುಂಡಿಯ ಅದಿರು, ಇದ್ದಿಲಿಗೆ ಮಲೆನಾಡಿನ ಕಾಡು, ಭದ್ರಾನದಿಯ ನೀರು ಇವೆಲ್ಲ ಸಮೀಪದಲ್ಲಿದ್ದುವು. ಹಾರೋಹಳ್ಳಿಯಲ್ಲಿ ಅದಿರಿಲ್ಲ, ರೈಲೂ ಇಲ್ಲ. ಇರುವುದು ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿ, ಕೂಗಳತೆಯಲ್ಲಿ ಮಹಾನಗರ, ಮತ್ತೆ ತಂತಿಯಲ್ಲಿ ಹರಿದು ಬರುವ ವಿದ್ಯುತ್ತು.

ವಿದ್ಯುತ್ತಿನ ಮಾತು ಬಂದೊಡನೆ ನಮಗೆ ಸ್ವಂತ ಮನೆಗೆ ಬಂದಂತಾಯಿತು. ಭೂಪಟದಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಅಡಿಕೋಲು ಇಟ್ಟು ಗೆರೆ ಎಳೆಯಿರಿ ಎಂದೆವು. ಗೆರೆ ಕನಕಪುರದ ಸೀಮೆಯನ್ನು ಹಾದುಹೋಯಿತು. 1902ರಲ್ಲಿ ಕಾವೇರಿಯ ಜಲಪಾತದಿಂದ ಉತ್ಪನ್ನವಾದ ವಿದ್ಯುತ್ತು ಸುಮಾರು 148 ಕಿಲೋಮೀಟರು ದೂರದ ಗಣಿಯನ್ನು ತಲಪಿತು. ಇದು ಸಾಧ್ಯವಾದುದು ಹೇಗೆ? ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿಯು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳುಹಿಸಿದರೆ ಪ್ರವಾಹ ಹತ್ತನೆಯ ಒಂದು ಭಾಗವಾಗುತ್ತದೆ. ನಷ್ಟ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕಾರ್ಖಾನೆಯು ಜಲಪಾತದ ಬುಡದಲ್ಲಿಯೇ ಇರಬೇಕೆಂಬ ಕಟ್ಟು ಅಲ್ಲಿಗೆ ಸಡಿಲಿತು.

ಇಷ್ಟನ್ನು ಹುರುಪಿನಿಂದ ಹೇಳುತ್ತಿರುವಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಅದು ನಮ್ ತಾತನ ಹೊಲ ಸಾರ್" ಎಂದನು. "ಸರಿ, ಕೂತುಕೋ" ಎಂದು ನಾವು ಮತ್ತೆ ವೋಲ್ಟೇಜಿಗೆ ಹಿಂದಿರುಗಿದೆವು.

ಆ ದಿನದ ಪಾಠದಲ್ಲಿ ನಡೆದುದನ್ನು ರಾತ್ರಿ ಬರೆದಿಡುವುದು ನಮ್ಮ ರೂಢಿ. ಪಾಠದ ಟಿಪ್ಪಣಿಯೇ ಬೇರೆ, ಇದೇ ಬೇರೆ. ಗುಜರಾತಿನ ಗಿಜುಭಾಯಿ ಬಧೇಕಾ ಅವರು ವಕೀಲಿ ಬಿಟ್ಟು ಮಕ್ಕಳ ಶಿಕ್ಷಣಕ್ಕೆ ಬಂದವರು. ಅವರ 'ದಿವಾಸ್ವಪ್ನ'ವು ಕಲ್ಪಿತ ಉಪಾಧ್ಯಾಯನೊಬ್ಬನು ತನ್ನ ತರಗತಿಯ ಪ್ರಯೋಗಗಳನ್ನು, ಎಡವಿದ್ದನ್ನೂ ಮರೆಮಾಚದೆ, ಹೇಳಿಕೊಂಡ ಪುಸ್ತಕ. ಅದನ್ನು ಓದಿದಂದಿನಿಂದ ಈ ಚಟ ಹತ್ತಿತು. ಅಂದು ಹುಡುಗನ ಮಾತನ್ನು ಬರೆಯುತ್ತಿದ್ದಂತೆ ಲೇಖನಿ ನಿಂತಿತು. ಪಟ್ಟಿಯ ಕೊನೆಯ ಪದವನ್ನು ಕುರಿತು ತರಗತಿಯಲ್ಲಿ ಮಾತನಾಡಿದವನು ಅವನೊಬ್ಬನೇ; ಅವನನ್ನೇ ನಾವು ಕೂರಿಸಿದ್ದೆವು!

ಮರುದಿನ ಅವನ ಕ್ಷಮೆ ಕೇಳಿ, ಮನೆಯ ಹಿರಿಯರನ್ನು ವಿಚಾರಿಸಿ ಬರೆದು ತರುವಂತೆ ಎಲ್ಲರಿಗೂ ಹೇಳಿದೆವು. ಬಂದ ಬರಹಗಳಲ್ಲಿ ರಾಗಿ, ಅವರೆ, ಹಿಪ್ಪುನೇರಳೆ ಇದ್ದುವು, ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತ ಅಜ್ಜಿ ಇದ್ದಳು, ಮುಚ್ಚಿಹೋದ ಬಾವಿಯೊಂದಿತ್ತು. ಪರಿಹಾರದ ಹಣದಲ್ಲಿ ಮನೆ ಕಟ್ಟಿದವರಿದ್ದರು, ಕಳೆದುಕೊಂಡವರೂ ಇದ್ದರು. ಅಕ್ಕ ಕಾರ್ಖಾನೆಯ ಕೆಲಸದಿಂದಲೇ ತನ್ನ ಕಾಲೇಜಿನ ಶುಲ್ಕ ಕಟ್ಟಿದಳೆಂದು ಹುಡುಗಿಯೊಬ್ಬಳು ಹೆಮ್ಮೆಯಿಂದ ಬರೆದಿದ್ದಳು. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಅಧಿನಿಯಮದ 28ನೆಯ ಪ್ರಕರಣ ನಮಗೆ ತಿಳಿಯದು; ಭೂಸ್ವಾಧೀನದ ಆ ಪ್ರಕರಣದ ಹೆಸರು ಅನೇಕ ಮಕ್ಕಳಿಗೆ ಬಾಯಿಪಾಠವಾಗಿತ್ತು! ನಾವು ಕರಿಹಲಗೆಯ ಪಕ್ಕಕ್ಕೆ ಸರಿದು ಅವರಿಂದಲೇ ಕೇಳಿ ಕಲಿತೆವು.

ಹಿಂದಿನ ಸಾಲಿನ ಹುಡುಗನು ಅರ್ಧ ಪುಟ ಮಾತ್ರ ಬರೆದಿದ್ದನು. ಕೊನೆಯಲ್ಲಿ ಒಂದು ಪ್ರಶ್ನೆ: "ನಮ್ಮ ಹೊಲ ಬಂಡವಾಳವೋ, ಕಚ್ಚಾವಸ್ತುವೋ, ಸಾರ್?" ಅದಕ್ಕೆ ಅಂಕ ಹಾಕಲು ನಮ್ಮಿಂದಾಗಲಿಲ್ಲ. ರಜೆ ಮುಗಿಸಿ ಬಂದ ಉಪಾಧ್ಯಾಯರಿಗೆ ಪುಸ್ತಕವನ್ನು ಹಾಗೆಯೇ ಒಪ್ಪಿಸಿದೆವು. ಅವರು ಎರಡು ಬಾರಿ ಓದಿ, ಆ ಹುಡುಗನನ್ನು ಕರೆಯಿಸಿದರು.